ಶಾಲೆ ಕಾಣದ ಅಜ್ಜಿಗೆ ಅಕ್ಷರಸ್ಥರ ಪರೀಕ್ಷೆ: ಮರೆವಿನ ಕಾಯಿಲೆಯ ಬಗ್ಗೆ ನರರೋಗ ತಜ್ಞರೊಂದಿಗೆ ಪ್ರಶ್ನೋತ್ತರ

ಸದಸ್ಯೆ, ಸಿಂಧನೂರು: ನಮಸ್ಕಾರ ಡಾಕ್ಟರೇ. ನಮ್ಮ ಅಜ್ಜಿಗೆ 72 ವರ್ಷ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆಸ್ಪತ್ರೆಯೊಂದರಲ್ಲಿ ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯಿರಿ ಎಂದು ಕೇಳಿ, 30ಕ್ಕೆ 14 ಅಂಕ ಕೊಟ್ಟು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಎಂದರು. ಅವರು ಇಂದಿಗೂ ಹೂ ಮಾರುತ್ತಾರೆ, ಮೊಳದ ಲೆಕ್ಕ ತಪ್ಪುವುದಿಲ್ಲ. ಈಚೆಗೆ ಮಾತ್ರ ಯಾರಿಗೆ ಕಡ ಕೊಟ್ಟೆ ಎಂಬುದು ನೆನಪಾಗುತ್ತಿಲ್ಲ.

ವೈದ್ಯರು: ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಆ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಅದರಲ್ಲಿ ಪಂಚಕೋನದ ಚಿತ್ರವನ್ನೂ ಬರೆಸುತ್ತಾರೆ. ಪೆನ್ನು ಹಿಡಿಯದ ಕೈಗೆ ಪಂಚಕೋನ ಬರೆಯಲು ಬಾರದಿದ್ದರೆ ಅದು ಮಿದುಳಿನ ದೋಷವಲ್ಲ. ಅಕ್ಷರ ಬಾರದವರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ ಹಿಂದಿ ಪರೀಕ್ಷೆಯೊಂದು ಸಿದ್ಧವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳನ್ನು ರೂಪಿಸಿದೆ, ಅದನ್ನೇ ಕೇಳಿ ಮಾಡಿಸಿ. ಆದರೆ ಅಂಕ ನಂಬಲಾಗದು ಎಂದು ನಿಶ್ಚಿಂತರಾಗಬೇಡಿ. ಕಡದ ಲೆಕ್ಕ ಅವರು ಜೀವಮಾನವಿಡೀ ತಲೆಯಲ್ಲೇ ಇಟ್ಟುಕೊಂಡದ್ದು. ಅದು ಕೈಕೊಡುತ್ತಿರುವುದು ನನಗೆ ಆತಂಕ ತಂದಿದೆ. ವರ್ಷದ ಹಿಂದೆ ಹೇಗಿದ್ದರು, ಈಗ ಹೇಗಿದ್ದಾರೆ ಎಂಬುದನ್ನು ಸಂತೆಯಲ್ಲಿ ಪಕ್ಕದಲ್ಲಿ ಕೂರುವವರಿಂದಲೂ ಕೇಳಿ ಬರೆದಿಡಿ. ಬಿ12, ಥೈರಾಯ್ಡ್, ಕಿವಿ ಮೂರನ್ನೂ ಪರೀಕ್ಷಿಸಿ. ಖಿನ್ನತೆ ಇದೆಯೇ ನೋಡಿಸಿ. ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ.

ಸದಸ್ಯ, ಹಾಸನ: ಮರೆವಿಗೆ ಕೊಬ್ಬರಿ ಎಣ್ಣೆ ಮತ್ತು ಬ್ರಾಹ್ಮಿ ರಸ ಸಾಕು, ಯಾವ ಮಾತ್ರೆಯೂ ಬೇಡ ಎಂಬ ವಾಟ್ಸಾಪ್ ಸಂದೇಶ ನಿಜವೇ?

ವೈದ್ಯರು: ಅಲ್ಲ. ಅದನ್ನು ನಂಬಿ ಬಿಪಿ ಮಾತ್ರೆ ನಿಲ್ಲಿಸಿದರೆ ಪಾರ್ಶ್ವವಾಯು ಹೊಡೆಯಬಹುದು. ಇದೇ ಸಂದೇಶಕ್ಕೆ ಇದು ನನ್ನ ಮೂರನೆಯ ಉತ್ತರ. ದಯವಿಟ್ಟು ಯಾರಿಗೂ ಕಳುಹಿಸಬೇಡಿ.

ಸದಸ್ಯ, ಬೆಂಗಳೂರು: ಇದು ಪಾಶ್ಚಾತ್ಯರ ಕಾಯಿಲೆ. ನಮ್ಮಲ್ಲಿ ಅರವತ್ತಕ್ಕೆ ಅರಳುಮರಳು ಸಹಜ.

ಸದಸ್ಯೆ, ಕೋಲಾರ: ಸಹಜವಲ್ಲ. ಹಿರಿಯರ ಮರೆವಿನ ಕಾಯಿಲೆಯ ಬಗೆಗಿನ ದೇಶವ್ಯಾಪಿ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಹೆಂಗಸರಲ್ಲಿ, ಹಳ್ಳಿಯವರಲ್ಲಿ, ಓದಲು ಬಾರದವರಲ್ಲಿ ಹೆಚ್ಚು. ನಮ್ಮ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮಿದುಳಿನ ಆರೋಗ್ಯದ ಅಧ್ಯಯನ ನಡೆಯುತ್ತಿದೆ, ನಮ್ಮ ತಂದೆ ಅದರಲ್ಲಿ ಭಾಗವಹಿಸಿದ್ದಾರೆ.

ಸದಸ್ಯ, ಬೆಂಗಳೂರು: ಹಳ್ಳಿಯವರ ರಕ್ತ, ಲಾಭ ಮಾತ್ರ ಕಂಪನಿಗಳಿಗೆ.

ಸದಸ್ಯೆ, ಕೋಲಾರ: ತಿಳಿಯದೆ ಮಾತನಾಡಬೇಡಿ. ಅದನ್ನು ನಡೆಸುತ್ತಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಆವರಣದ ಮಿದುಳು ಸಂಶೋಧನಾ ಕೇಂದ್ರ.

ಸದಸ್ಯ, ಬೆಂಗಳೂರು: ನಿಮ್ಮಿಂದ ಪಾಠ ಬೇಕಿಲ್ಲ.

ಸದಸ್ಯ, ನ್ಯೂಜೆರ್ಸಿ: ಅಲ್ಝೈಮರ್ ಎಂಬ ಮರೆವಿನ ಕಾಯಿಲೆಗೆ ಕೊಡುವ ಲೆಕನೆಮ್ಯಾಬ್ ಇಂಜೆಕ್ಷನ್ ನಮ್ಮ ತಾಯಿಗೆ ಹಿಡಿಸುತ್ತದೆಯೇ?

ವೈದ್ಯರು: ಜಗಳ ನಿಲ್ಲಿಸಿ, ಇಲ್ಲವಾದರೆ ನಾನು ಉತ್ತರಿಸುವುದಿಲ್ಲ. ನ್ಯೂಜೆರ್ಸಿಯವರಿಗೆ: ಆ ಔಷಧದ ಮುಖ್ಯ ಪ್ರಯೋಗದಲ್ಲಿದ್ದ 1,795 ಜನರಲ್ಲಿ ಕಪ್ಪು ವರ್ಣೀಯರು ಶೇ 3ಕ್ಕಿಂತ ಕಡಿಮೆ, ಅಮೆರಿಕದಲ್ಲಿ ಅವರಿಗೆ ಈ ಕಾಯಿಲೆಯ ಸಾಧ್ಯತೆ ಬಿಳಿಯರಿಗಿಂತ ಸುಮಾರು ಎರಡು ಪಟ್ಟು ಇದ್ದರೂ. ಪ್ರಯೋಗದಲ್ಲಿ ಸಾಕಷ್ಟು ಸೇರಿಸಿಕೊಳ್ಳದವರ ಮೈಗೆ ಔಷಧ ಹೇಗೆ ಹಿಡಿಸುತ್ತದೆಂದು ಯಾವ ಆಧಾರದ ಮೇಲೆ ಹೇಳಲಿ? ತಾಯಿಯವರನ್ನು ನೋಡುವ ವೈದ್ಯರೇ ನಿರ್ಧರಿಸಬೇಕು.

ಸದಸ್ಯ, ತುಮಕೂರು: ಕನ್ನಡಕ ಎಲ್ಲಿಟ್ಟೆ ಎಂದು ಮರೆಯುತ್ತೇನೆ. ಡಿಮೆನ್ಷಿಯಾ ಇರಬಹುದೇ?

ವೈದ್ಯರು: ಅಷ್ಟರಿಂದಲೇ ಅಲ್ಲ. ನಿನ್ನೆಯೇ ಉತ್ತರಿಸಿದ್ದೇನೆ.

ಸದಸ್ಯೆ, ಪುತ್ತೂರು: ನಮ್ಮ ಅಮ್ಮನಿಗೆ ತುಳು ಮಾತ್ರ ಬರುತ್ತದೆ. ಅವರಿಗೆ ಯಾವ ಪರೀಕ್ಷೆ ಮಾಡಿಸಬೇಕು ಡಾಕ್ಟರೇ?

ಸದಸ್ಯೆ, ಪುತ್ತೂರು: ಡಾಕ್ಟರೇ, ಬೆಳಿಗ್ಗೆ ಕೇಳಿದ್ದೆ. ಉತ್ತರಕ್ಕಾಗಿ ಕಾಯುತ್ತಿದ್ದೇನೆ.