ಅಪ್ಪ ಅಂತ ಅನಿಸೋದು ಯಾವಾಗ? ಓದುಗರ ಸ್ಪಂದನ

ಓದುಗರೊಬ್ಬರ ಸಮಸ್ಯೆ

ನನಗೆ 31 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ, ಹಾವೇರಿ ಕಡೆಯ ಹಳ್ಳಿಗೆ ಹೋಗಿದ್ದಾಳೆ. ಮಗಳಿಗೀಗ ಎರಡು ತಿಂಗಳು. ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಭಾನುವಾರ ರಾತ್ರಿ ವಾಪಸ್. ಅಲ್ಲಿ ನನಗೆ ಹೋಳಿಗೆ ಊಟ, ಒಗೆದ ಚಾದರ, ಎಲ್ಲ ಉಪಚಾರ ಇದೆ. ಮಗು ಎತ್ತಿಕೊಂಡರೆ ಮಾತ್ರ ಅಳುತ್ತೆ, ತಕ್ಷಣ ಅತ್ತೆ ಬಂದು ತಗೋತಾರೆ. ‘ಅಪ್ಪ ಆದ್ಯಲ್ಲ, ಇನ್ನು ಜವಾಬ್ದಾರಿ ಜಾಸ್ತಿ’ ಅಂತ ಎಲ್ಲರೂ ಹೇಳ್ತಾರೆ. ಒಳಗೆ ನನಗೆ ಏನೂ ಆಗಿಲ್ಲ. ಯಾರದೋ ಮಗು ನೋಡಿಕೊಂಡು ಬಂದ ಹಾಗಿರುತ್ತೆ. ಹೆಂಡತಿಗೂ ಇದನ್ನು ಹೇಳಿಲ್ಲ. ನನ್ನಲ್ಲೇ ಏನಾದರೂ ಕೊರತೆ ಇದೆಯಾ?

ತಿಪಟೂರಿನಿಂದ ಒಬ್ಬ ಅಜ್ಜಿ

ಮಗಾ, ನಿನ್ನ ಪತ್ರ ಓದಿ ನಮ್ಮ ಅಳಿಯಂದಿರು ನೆನಪಾದರು. ಒಬ್ಬ ಅತ್ತೆಯಾಗಿ ಒಂದು ಮಾತು ಹೇಳ್ತೀನಿ. ನಿಮ್ಮತ್ತೆ ಮಗು ತಗೊಳ್ಳೋದು ನಿನಗೆ ಬರಲ್ಲ ಅಂತ ಅಲ್ಲಪ್ಪ. ಅಳಿಯಂದಿರ ಶರ್ಟಿನ ಮೇಲೆ ಮಗು ಕಕ್ಕಿಬಿಟ್ಟರೆ ಏನಂದುಕೊಳ್ತಾರೋ ಅಂತ ನಮಗೆ ಸಂಕೋಚ. ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದಾರೆ, ಪಾಪ, ಅವರಿಗ್ಯಾಕೆ ತೊಂದರೆ ಅಂತ. ಈ ಮರ್ಯಾದೆಯೇ ನಿನ್ನನ್ನು ನೆಂಟನನ್ನಾಗಿ ಮಾಡಿ ಕೂರಿಸಿದೆ.

ಹೋದ ತಕ್ಷಣ ಸ್ನಾನ ಮಾಡಿ ಹಳೇ ಲುಂಗಿ ಬನಿಯನ್ ಹಾಕ್ಕೋ. ಬಾಣಂತಿ ಕೋಣೆಯಲ್ಲಿ ನೆಲದ ಮೇಲೆ ಕೂತ್ಕೋ. ಮಗು ಅತ್ತಾಗ ಅವರು ಎದ್ದು ಬಂದರೆ, ‘ಅತ್ತೆ, ಇರಲಿ ಬಿಡಿ, ಸ್ವಲ್ಪ ಹೊತ್ತು ನಾನೇ ನೋಡ್ಕೋತೀನಿ’ ಅನ್ನು. ಅಷ್ಟು ಅಂದರೆ ಯಾವ ಅತ್ತೆಯೂ ಬೇಜಾರು ಮಾಡಿಕೊಳ್ಳಲ್ಲ. ಒಳಗೊಳಗೇ ಖುಷಿಪಡ್ತಾರೆ.

ಕೂಸಿಗೆ ನೀರು ಹಾಕುವಾಗಲೂ ಅಲ್ಲೇ ಇರು. ಹಿರಿಯರು ಮಣೆ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಾಗ ಬಿಸಿನೀರು ಬೆರೆಸಿ ಕೊಡೋಕೆ ಇನ್ನೊಂದು ಕೈ ಬೇಕೇ ಬೇಕು. ಆ ಚೊಂಬು ನೀನು ಹಿಡಿ. ಬಿಸಿ ಎಷ್ಟಿರಬೇಕು ಅಂತ ಮೊಣಕೈ ಅದ್ದಿ ನೋಡೋದು ಕಲಿ. ನೀರಾದ ಮೇಲೆ ಒರೆಸಿ, ಬಟ್ಟೆಯಲ್ಲಿ ಸುತ್ತಿ ನಿನ್ನ ಕೈಗೇ ಕೊಡಲಿ. ಆಗ ಮಗು ಗಾಢವಾಗಿ ನಿದ್ದೆ ಮಾಡುತ್ತೆ. ಆ ನಿದ್ದೆ ನಿನ್ನ ತೊಡೆ ಮೇಲೇ ಆಗಲಿ.

ಇನ್ನೊಂದು ವಿಷಯ. ಇದೇ ಕಾರಣಕ್ಕೆ ಹೆಂಡತಿಯನ್ನು ಬೇಗ ಕರ್ಕೊಂಡು ಹೋಗ್ತೀನಿ ಅಂತ ಹಟ ಮಾಡಬೇಡ. ಬಾಣಂತನ ಇರೋದು ಗಂಡನನ್ನು ದೂರ ಇಡೋಕಲ್ಲ. ಹೆತ್ತ ಹೆಣ್ಣಿಗೆ ಒಲೆ, ಕಸ, ಮುಸುರೆ ಯಾವುದೂ ಇಲ್ಲದೆ ನಾಲ್ಕು ದಿನ ಬೆನ್ನು ನೆಲಕ್ಕೆ ತಾಗಲಿ ಅಂತ.

ಧಾರವಾಡದಿಂದ ಒಬ್ಬ ನಿವೃತ್ತ ಶಿಕ್ಷಕರು

ನಿಮ್ಮಲ್ಲಿ ಕೊರತೆ ಏನೂ ಇಲ್ಲ. ನಮ್ಮ ಪದ್ಧತಿಯಲ್ಲೇ ಇದಕ್ಕೆ ಜಾಗ ಕಡಿಮೆ. ಹೆಣ್ಣು ತಾಯಿಯಾಗುವಾಗ ಸೀಮಂತ ಇದೆ, ಉಡಿ ತುಂಬೋದಿದೆ, ಬಾಣಂತನ ಇದೆ. ಹೆಜ್ಜೆ ಹೆಜ್ಜೆಗೆ ನಾಲ್ಕು ಜನ ಕೂಡಿ ‘ನೀನೀಗ ತಾಯಿ’ ಅಂತ ಹೇಳುತ್ತಾರೆ. ಗಂಡಸಿಗೆ? ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವವಳು ಸೋದರತ್ತೆ. ಮಗುವಿನ ಕಿವಿಯಲ್ಲಿ ಕುರ್‍ರ್ ಅಂತ ಕೂಗುವವಳೂ ಅವಳೇ, ಸೀರೆ ಪಡೆಯುವವಳೂ ಅವಳೇ. ಅಪ್ಪ ಪೇಢೆ ಹಂಚಿಕೊಂಡು ಅಂಗಳದಲ್ಲಿ ಓಡಾಡುತ್ತಿರುತ್ತಾನೆ. ಕೆಲವು ಮನೆತನಗಳಲ್ಲಿ ತಟ್ಟೆಯ ಅಕ್ಕಿಯಲ್ಲಿ ಚಿನ್ನದ ಉಂಗುರದಿಂದ ಹೆಸರು ಬರೆಯುವ ಕೆಲಸ ತಂದೆಯದು. ಅದು ಎಷ್ಟು ಹೊತ್ತಿನ ಮಾತು?

ನಮ್ಮ ತಂದೆ ಹಿರಿಯರ ಎದುರು ನಮ್ಮನ್ನು ಎತ್ತಿಕೊಂಡವರಲ್ಲ. ಹಾಗೆ ಎತ್ತಿಕೊಂಡರೆ ನಾಚಿಕೆಗೇಡು ಅನ್ನುವ ಕಾಲ ಅದು. ಪ್ರೀತಿ ಇರಲಿಲ್ಲ ಅಂತಲ್ಲ. ಜಾತ್ರೆಗೆ ಹೋದಾಗ, ಊರು ದಾಟಿದ ಮೇಲೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಅವರಿಗೆ ಸಿಗದ ಸಲಿಗೆ ನಿಮಗೆ ಸಿಕ್ಕಿದೆ ತಮ್ಮಾ. ಯಾರಾದರೂ ಕರೆದು ‘ಇಗೋ, ನೀನೀಗ ಅಪ್ಪ’ ಅಂತ ಪಟ್ಟ ಕಟ್ಟಲಿ ಅಂತ ಕಾಯಬೇಡಿ. ಕಟ್ಟುವವರು ಇಲ್ಲ.

ಮೈಸೂರು ಜಿಲ್ಲೆಯಿಂದ ಒಬ್ಬ ನರ್ಸ್

ಸರ್, ಮಗು ಅಳೋದನ್ನ ನಿಮ್ಮ ಮೇಲೆ ಹಾಕ್ಕೋಬೇಡಿ. ಮಕ್ಕಳು ಅತಿ ಹೆಚ್ಚು ಅಳೋದು ಆರನೇ ವಾರದ ಆಸುಪಾಸು, ಅದರಲ್ಲೂ ಸಂಜೆ ಹೊತ್ತು. ಮೂರು, ನಾಲ್ಕು ತಿಂಗಳಾಗುವಷ್ಟರಲ್ಲಿ ಕಡಿಮೆಯಾಗುತ್ತೆ. ಮುಖ ನೋಡಿ ನಗೋಕೆ ಶುರು ಮಾಡೋದೂ ಆರರಿಂದ ಎಂಟು ವಾರದ ಹೊತ್ತಿಗೆ. ಅಂದರೆ ನಿಮ್ಮ ಮಗಳು ಈಗ ನಗು ಕಲೀತಿದ್ದಾಳೆ. ಮೊಬೈಲ್ ಪಕ್ಕಕ್ಕಿಟ್ಟು, ಒಂದಡಿ ದೂರದಲ್ಲಿ ಮುಖ ಇಟ್ಟು ನಿಧಾನಕ್ಕೆ ಮಾತಾಡಿಸಿ. ಏನು ಬೇಕಾದರೂ ಮಾತಾಡಿ, ಬಸ್ಸಿನ ಕತೆ ಹೇಳಿ.

ಹಾಲು ಕುಡಿಸೋದು ಬಿಟ್ಟು ಉಳಿದಿದ್ದೆಲ್ಲ ನಿಮ್ಮಿಂದ ಆಗುತ್ತೆ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕ್ಕೊಂಡು, ಒಂದು ಕೈ ಕುತ್ತಿಗೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಬೆನ್ನು ಮೆಲ್ಲಗೆ ತಟ್ಟಿ ತೇಗು ಬರಿಸಿ. ಬಟ್ಟೆ ಬದಲಾಯಿಸಿ. ನಮ್ಮಲ್ಲಿ ತೂಕ ಕಡಿಮೆ ಇರೋ ಮಕ್ಕಳನ್ನ ತಾಯಿಯ ಎದೆಗೆ ಒತ್ತಿ ಮಲಗಿಸ್ತೀವಿ, ಕಾಂಗರೂ ಆರೈಕೆ ಅಂತ. ತಾಯಿಗೆ ಆಗದಿದ್ದಾಗ ತಂದೆ ಎದೆಗೂ ಕೊಡ್ತೀವಿ. ಶರ್ಟ್ ತೆಗೆದು ಕೂರೋಕೆ ಮೊದಲು ನಾಚಿಕೆಪಡ್ತಾರೆ. ಆಮೇಲೆ ಮಗು ವಾಪಸ್ ಕೊಡಿ ಅಂದರೂ ಕೊಡಲ್ಲ. ನಿಮ್ಮ ಮಗಳನ್ನೂ ಹಾಗೇ ಎದೆ ಮೇಲೆ ಮಲಗಿಸಿಕೊಳ್ಳಿ. ನಿಮಗೆ ತೂಕಡಿಕೆ ಬರುವಾಗ ಮಾತ್ರ ಬೇಡ.

ಆರನೇ ವಾರದ ಚುಚ್ಚುಮದ್ದು ಆಗಿರಬೇಕು. ಮುಂದಿನದು 10ನೇ ವಾರ, ಆಮೇಲೆ 14ನೇ ವಾರ. ಅವತ್ತು ರಜೆ ಹಾಕಿ, ತಾಯಿ ಕಾರ್ಡ್ ಹಿಡಿದು ನೀವೇ ಕರ್ಕೊಂಡು ಹೋಗಿ. ಚುಚ್ಚುವಾಗ ಮಗು ನಿಮ್ಮ ತೊಡೆ ಮೇಲೆ ಇರಲಿ. ಮತ್ತೆ, ಯಾರೇ ಹೇಳಿದರೂ ಒಂದು ವರ್ಷ ತುಂಬೋವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಅಪ್ಪನಾಗಿ ನೀವು ಗಟ್ಟಿಯಾಗಿ ‘ಬೇಡ’ ಅನ್ನಬೇಕಾದ ಜಾಗ ಅದು.

ಬೆಂಗಳೂರಿನಿಂದ ಒಬ್ಬ ತಾಯಿ

ನಿಮ್ಮ ಪತ್ರದಲ್ಲಿ ನಿಮ್ಮ ಹೆಂಡತಿ ಹೇಗಿದ್ದಾರೆ ಅನ್ನೋದು ಒಂದು ಸಾಲೂ ಇಲ್ಲ. ಅವರಿಗೂ ಎಲ್ಲ ಗೊತ್ತಾಗಿಬಿಟ್ಟಿದೆ ಅಂತ ಅಂದ್ಕೋಬೇಡಿ. ಎಷ್ಟೋ ತಾಯಂದಿರಿಗೆ ಮೊದಲ ವಾರಗಳಲ್ಲಿ ನೋವು, ನಿದ್ದೆ ಇಲ್ಲದ ಸುಸ್ತು, ಹಾಲು ಸಾಕಾಗುತ್ತಾ ಅನ್ನೋ ಹೆದರಿಕೆ ಬಿಟ್ಟು ಬೇರೇನೂ ಅನಿಸಲ್ಲ. ಅವರ ಹತ್ತಿರ ಹೇಳಿ. ‘ನಂಗೂ ಹಾಗೇ’ ಅಂತ ಅಂದರೂ ಅನ್ನಬಹುದು.

ರಜೆ ಬಗ್ಗೆಯೂ ಕೇಳಿ. ಹೆರಿಗೆ ರಜೆ ಕಾನೂನಿಗೆ 2017ರಲ್ಲಿ ತಿದ್ದುಪಡಿ ಆದ ನಂತರ ತಾಯಂದಿರಿಗೆ 26 ವಾರ ರಜೆ ಇದೆ. ಕೇಂದ್ರ ಸರ್ಕಾರದ ಗಂಡಸರಿಗೆ 15 ದಿನ ಪಿತೃತ್ವ ರಜೆ ಇದೆ, ಮಗು ಹುಟ್ಟಿದ ಆರು ತಿಂಗಳೊಳಗೆ ತಗೋಬಹುದು. ಖಾಸಗಿಯವರಿಗೆ ಇಂಥ ಕಾನೂನು ಇಲ್ಲ, ಕಂಪನಿ ಕೊಟ್ಟಷ್ಟೇ. ಇದು ನನಗೆ ತುಂಬಾ ಅನ್ಯಾಯ ಅನಿಸುತ್ತೆ. ನಿಮ್ಮ ಎಚ್‌ಆರ್ ಹತ್ತಿರ ಕೇಳಿ ನೋಡಿ, ಎಷ್ಟೋ ಕಡೆ ಇದ್ದರೂ ಗಂಡಸರು ಕೇಳೋದೇ ಇಲ್ಲ.

ಶಿವಮೊಗ್ಗದಿಂದ ಒಬ್ಬ ಆಪ್ತಸಮಾಲೋಚಕರು

ಹೆತ್ತ ತಾಯಿಗೆ ಖಿನ್ನತೆ ಬರಬಹುದು ಅಂತ ಈಗೀಗ ಜನಕ್ಕೆ ಗೊತ್ತು. ತಂದೆಗೂ ಬರುತ್ತೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಹತ್ತರಲ್ಲಿ ಒಬ್ಬ ಹೊಸ ತಂದೆಗೆ ಇದು ಕಾಣಿಸಿದೆ, ಮೂರರಿಂದ ಆರನೇ ತಿಂಗಳಲ್ಲಿ ಜಾಸ್ತಿ. ಗಂಡಸರಲ್ಲಿ ಇದು ಅಳುವಾಗಿ ಕಾಣೋದು ಕಡಿಮೆ. ಸಿಡುಕು, ಕುಡಿತ, ಆಫೀಸಿನಲ್ಲೇ ಹೊತ್ತು ಕಳೆಯೋದು, ಹೀಗೆ ಇರುತ್ತೆ. ನಿಮ್ಮದು ಬರೀ ದೂರದಿಂದ ಬಂದ ಖಾಲಿತನ ಇರಬಹುದು. ಆದರೆ ನಿದ್ದೆ, ಊಟ, ಕೆಲಸ ಯಾವುದರಲ್ಲೂ ಎರಡು ವಾರಕ್ಕಿಂತ ಹೆಚ್ಚು ಮನಸ್ಸು ನಿಲ್ಲದಿದ್ದರೆ ಸುಮ್ನಿರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನೊಂದು ಹೇಳಲೇಬೇಕು. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ ಯುವಕರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಪ್ಪ ಆದವರಲ್ಲಿ ಟೆಸ್ಟೊಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಅದು ಇನ್ನೂ ಕಡಿಮೆ ಇತ್ತು. ಗಂಡಸಿನ ಮೈಯೂ ಅಪ್ಪತನಕ್ಕೆ ಹೊಂದಿಕೊಳ್ಳುತ್ತೆ. ವಾರಕ್ಕೆರಡು ದಿನ ನೋಡುವವರಿಗೆ ಅದು ನಿಧಾನ ಆದರೆ ಆಶ್ಚರ್ಯ ಏನಿದೆ?

ಕುವೈತ್‌ನಿಂದ, ಊರು ಕುಂದಾಪುರ

ಅಣ್ಣ, ಮಗನಿಗೆ ಎಂಟು ತಿಂಗಳಾದಾಗ ನಾನು ಅವನನ್ನು ಮೊದಲು ಮುಟ್ಟಿದ್ದು. ಅಲ್ಲಿಯವರೆಗೆ ವಿಡಿಯೋ ಕಾಲ್ ಅಷ್ಟೇ. ನನ್ನ ಕಂಡು ಕಿರುಚಿ ಅಜ್ಜಿಯ ಸೆರಗು ಹಿಡಿದ. ರಜೆ ಇದ್ದಷ್ಟು ದಿನ ರಾತ್ರಿ ಎದ್ದಾಗೆಲ್ಲ ನಾನೇ ಎತ್ತಿಕೊಂಡು ಜಗಲಿಯಲ್ಲಿ ಓಡಾಡಿದೆ. ಒಂದಿನ ಜ್ವರ ಬಂದಾಗ ಎಲ್ಲರನ್ನೂ ಬಿಟ್ಟು ನನ್ನ ಕಡೆ ಕೈ ಚಾಚಿದ. ‘ಅಪ್ಪ’ ಅನ್ನೋದು ನನಗೆ ಅವತ್ತು ಗೊತ್ತಾಯಿತು. ನಿಮಗೆ ಪ್ರತಿ ವಾರ ಎರಡು ಹಗಲು, ಒಂದು ರಾತ್ರಿ ಸಿಗ್ತಿದೆ, ಅದು ಸಣ್ಣದಲ್ಲ. ಈ ಶುಕ್ರವಾರ ಬಸ್ಸು ಹತ್ತುವ ಮೊದಲೇ ಮನೆಗೆ ಫೋನ್ ಮಾಡಿ, ಶನಿವಾರ ರಾತ್ರಿ ಹಾಲು ಕುಡಿಸಿದ ಮೇಲೆ ಮಗು ನನ್ನ ಹತ್ತಿರ ಅಂತ ಹೇಳಿಬಿಡಿ.