ಪದಚರ್ಚೆ: ಟ್ರಾಫಿಕಿಂಗ್‌ಗೆ 'ಕಳ್ಳಸಾಗಣೆ' ಸರಿನಾ? ಸಾಲಿಡಾರಿಟಿಗೆ ಏನನ್ನೋಣ?

ಗೆಳೆಯರೇ,

ಫೆಬ್ರವರಿ 8ರ ಪ್ರಾರ್ಥನೆಯ ಕನ್ನಡ ಬರಹವೊಂದನ್ನು ತಿದ್ದುತ್ತಿದ್ದೇನೆ. ಅಂದು ಸಂತ ಜೋಸೆಫಿನ್ ಬಖಿತಾ ಅವರ ಹಬ್ಬ. ಚಿಕ್ಕ ವಯಸ್ಸಿನಲ್ಲೇ ಸುಡಾನಿನಲ್ಲಿ ಅಪಹರಣವಾಗಿ, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಇಟಲಿಯಲ್ಲಿ ಬಿಡುಗಡೆ ಪಡೆದು ಸಿಸ್ಟರ್ ಆದವರು. 2015ರಿಂದ ಕಥೋಲಿಕ ಧರ್ಮಸಭೆ ಈ ದಿನವನ್ನು ಟ್ರಾಫಿಕಿಂಗ್ (ಮೋಸದಿಂದಲೋ ಬಲವಂತದಿಂದಲೋ ಜನರನ್ನು ಸಿಕ್ಕಿಸಿ ದುಡಿಸಿಕೊಳ್ಳುವ ದಂಧೆ) ವಿರುದ್ಧದ ಪ್ರಾರ್ಥನೆಗೆ ಮೀಸಲಿಟ್ಟಿದೆ.

ಬರಹದ ತುಂಬಾ 'ಮಾನವ ಕಳ್ಳಸಾಗಣೆ' ಅಂತಿದೆ. ನನ್ನ ತಕರಾರು ಅಲ್ಲೇ. ಕಳ್ಳಸಾಗಣೆ ಅಂದರೆ ಕದ್ದುಮುಚ್ಚಿ ಗಡಿ ದಾಟಿಸುವುದು, ಅಂದರೆ ಸ್ಮಗ್ಲಿಂಗ್. ವಿಶ್ವಸಂಸ್ಥೆ 2000ದಲ್ಲೇ ಎರಡಕ್ಕೂ ಬೇರೆ ಬೇರೆ ಪ್ರೋಟೊಕಾಲ್ (ದೇಶಗಳ ನಡುವಿನ ಒಪ್ಪಂದ) ಮಾಡಿದೆ. ಟ್ರಾಫಿಕಿಂಗ್‌ಗೆ ಗಡಿಯೇ ಬೇಕಿಲ್ಲ. ಮನೆಗೆಲಸಕ್ಕೆಂದು ಸರಿಯಾದ ವೀಸಾ ಹಿಡಿದು, ಹಗಲು ಹೊತ್ತಿನಲ್ಲೇ ವಿಮಾನ ಹತ್ತಿದ ಹೆಂಗಸಿನ ಪಾಸ್‌ಪೋರ್ಟನ್ನು ಅಲ್ಲಿ ಇಳಿದ ಮೇಲೆ ಕಿತ್ತಿಟ್ಟುಕೊಂಡು, ಏಜೆಂಟನ ಸಾಲ ತೀರುವ ತನಕ ಸಂಬಳವಿಲ್ಲ ಅಂತ ದುಡಿಸಿದರೆ ಅದೂ ಟ್ರಾಫಿಕಿಂಗೇ. ಅಲ್ಲಿ ಕಳ್ಳದಾರಿ ಎಲ್ಲಿದೆ? 'ಮಾನವ ಮಾರಾಟ' ಬಖಿತಾ ಕತೆಗೆ ಹೊಂದುತ್ತದೆ, ಈ ಹೆಂಗಸಿಗೆ ಹೊಂದುವುದಿಲ್ಲ. 'ದುರ್ವ್ಯಾಪಾರ' ಅರ್ಥಕ್ಕೆ ಹತ್ತಿರ, ಆದರೆ ಗಟ್ಟಿಯಾಗಿ ಓದುವಾಗ ನಾಲಿಗೆ ತೊಡರುತ್ತದೆ. ಇನ್ನೊಂದು ಭಯ: ಕಳ್ಳಸಾಗಣೆ ಅಂದ ಕೂಡಲೇ ವಲಸೆ ಬಂದವರೇ ಕಳ್ಳರು ಅನ್ನೋ ವಾಸನೆ ಬರುತ್ತದೆ, ಅಲ್ವಾ? ಮೋಸ ಹೋದವರು ಅವರೇ.

ಎರಡನೆಯದು ಸಾಲಿಡಾರಿಟಿ, ಅಂದರೆ ಕಷ್ಟದಲ್ಲಿರುವವರ ಜೊತೆ ನಿಲ್ಲುವುದು. ಕರಡಿನಲ್ಲಿ 'ವಲಸಿಗರೊಂದಿಗೆ ಐಕಮತ್ಯ' ಅಂತಿದೆ. ಐಕಮತ್ಯ, ಒಗ್ಗಟ್ಟು ಎರಡೂ ನಮ್ಮನಮ್ಮವರ ನಡುವಿನವು. 'ಅನುಕಂಪ' ಅಂತೂ ಬೇಡವೇ ಬೇಡ: ಪೋಪ್ ಎರಡನೇ ಜಾನ್ ಪೌಲ್ 1987ರ ವಿಶ್ವಪತ್ರದಲ್ಲಿ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಪತ್ರ) ಸಾಲಿಡಾರಿಟಿ ಬರೀ ಮರುಕವಲ್ಲ, ಎಲ್ಲರ ಒಳಿತಿಗೆ ದುಡಿಯುವ ಗಟ್ಟಿ ನಿರ್ಧಾರ ಎಂದಿದ್ದರು. ಪೋಪ್ ಫ್ರಾನ್ಸಿಸ್ ವಲಸಿಗರ ವಿಷಯದಲ್ಲಿ ಹೇಳಿದ್ದೂ ನಾಲ್ಕು ಕೆಲಸಗಳನ್ನೇ: ಬರಮಾಡಿಕೊಳ್ಳಿ, ಕಾಪಾಡಿ, ಬೆಳೆಯಲು ನೆರವಾಗಿ, ನಮ್ಮೊಳಗೊಂದಾಗಿಸಿ. ಹಾಗಾಗಿ ನನಗೆ 'ಹೆಗಲು ಕೊಡುವುದು' ಹಿಡಿಸಿದೆ. (ಹೆಣಕ್ಕೂ ಹೆಗಲು ಕೊಡ್ತೀವಿ ಅಂತ ಯಾರಾದರೂ ಕಾಲೆಳೆಯಬಹುದು!) ಆದರೆ ಶೀರ್ಷಿಕೆಗೆ ಒಂದೇ ನಾಮಪದ ಬೇಕು.

'ನಿರಾಶ್ರಿತ'ವನ್ನು ಹಾಗೇ ಬಿಟ್ಟಿದ್ದೇನೆ, ಎಲ್ಲರಿಗೂ ಗೊತ್ತಿರುವ ಪದ. ಉಳಿದೆರಡಕ್ಕೆ ನಿಮ್ಮಲ್ಲಿ ಏನಾದರೂ ಇದೆಯಾ? ಹಳೆಯ ಜಪದ ಪುಸ್ತಕಗಳಲ್ಲಿ ಕಂಡಿದ್ದರೆ ಪೂರ್ತಿ ಸಾಲನ್ನೇ ಬರೆದು ಕಳಿಸಿ.