ಅಪ್‌ಡೇಟ್: 'ಚೆಕಿಟೌಟ್' ಪ್ರಶ್ನೆ ಕೇಳಿದವನು ನಾನೇ
ಲಂಡನ್ ಕ್ಲೈಂಟ್ ಜೊತೆ ಕಾಲ್‌ನಲ್ಲಿ 'ಚೆಕಿಟೌಟ್' ಅಂತ ಕೇಳಿಸಿ ತಬ್ಬಿಬ್ಬಾದೆ, ಒಂದು ಪದ ಎಲ್ಲಿ ಮುಗಿಯುತ್ತದೋ ತಿಳಿಯುತ್ತಿಲ್ಲ ಅಂತ ಹೋದ ತಿಂಗಳು ಕೇಳಿದ್ದೆ. ಸಂಧಿ ಬಿಡಿಸುವ ಹಾಗೆ ಕೇಳಿಸಿಕೊಳ್ಳಿ ಅಂದಿರಿ. ಅದೇ ಕೆಲಸಕ್ಕೆ ಬಂತು!

'ಚೆಕ್ ಇಟ್ ಔಟ್'ನಲ್ಲಿ ವ್ಯಂಜನ ಹೋಗಿ ಮುಂದಿನ ಸ್ವರಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ. 'ಗೋ ಆನ್' ಅನ್ನುವಾಗ ನಡುವೆ ಸಣ್ಣ 'ವ್' ನುಸುಳುತ್ತದೆ, 'ಸೀ ಇಟ್'ನಲ್ಲಿ 'ಯ್'. ನಮ್ಮ 'ಗುರುವನ್ನು', 'ಮನೆಯನ್ನು' ಇದ್ದ ಹಾಗೇ ಅಲ್ವಾ? ಸ್ಕೂಲಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದ ಆಗಮ ಸಂಧಿ ಈಗ ನೆನಪಾಯಿತು.

ಇನ್ನೂ ಕಾಡುವುದು ಸ್ಪೆಲ್ಲಿಂಗಲ್ಲೇ ಇಲ್ಲದ 'ರ್'. 'ಡೇಟಾ ಅನಾಲಿಸಿಸ್' ಆ ಲಂಡನ್‌ನವರ ಬಾಯಲ್ಲಿ 'ಡೇಟರನಾಲಿಸಿಸ್' ಆಗುತ್ತದೆ. ನಿನ್ನೆ ಮೀಟಿಂಗ್ ನೋಟ್ಸ್‌ನಲ್ಲಿ 'ಡೇಟರ್' ಅಂತಲೇ ಬರೆದು ಕಳಿಸಿಬಿಟ್ಟೆ.